ಸಾಮಾಜಿಕ ಮಾಧ್ಯಮದ ಖಾತೆ ಮತ್ತು ಖಾಸಗಿತನ

ನಮ್ಮ ನಾಡಿನ ಹಳೆಯ ಮನೆಗಳಲ್ಲಿ ಜಗಲಿ, ಪಡಸಾಲೆ, ನಡುಮನೆ ಎಂಬ ವಿಭಾಗಗಳಿದ್ದುವು. ದಾರಿಹೋಕನಿಗೆ ಜಗಲಿ, ಪರಿಚಿತನಿಗೆ ಪಡಸಾಲೆ, ನಂಟರಿಷ್ಟರಿಗೆ ನಡುಮನೆ. ಯಾರು ಎಲ್ಲಿಯವರೆಗೆ ಬರಬಹುದೆಂಬುದನ್ನು ಹೊಸ್ತಿಲೇ ಹೇಳುತ್ತಿತ್ತು. ಫೇಸ್‌ಬುಕ್, ವಾಟ್ಸ್ಆಪ್, ಇನ್‌ಸ್ಟಾಗ್ರಾಂ ಮೊದಲಾದ ಸಾಮಾಜಿಕ ಮಾಧ್ಯಮಗಳಲ್ಲಿ ಖಾತೆ ತೆರೆದವರಿಗೆ ಇಂಥ ಹೊಸ್ತಿಲುಗಳು ಕಣ್ಣಿಗೆ ಬೀಳುವುದಿಲ್ಲ. ಅವು ‘ಸೆಟ್ಟಿಂಗ್ಸ್’ ಎಂಬ ಏರ್ಪಾಡಿನ ಪುಟಗಳೊಳಗೆ ಅಡಗಿರುತ್ತವೆ. ಹುಡುಕಿ ಹೋದವರಿಗೆ ಮಾತ್ರ ದೊರೆಯುತ್ತವೆ. ಈ ಏರ್ಪಾಡುಗಳು ಏನನ್ನು ಕಾಯಬಲ್ಲವು, ಏನನ್ನು ಕಾಯಲಾರವು ಎಂಬುದನ್ನು ಪ್ರಕೃತ ಲೇಖನದಲ್ಲಿ ವಿಚಾರ ಮಾಡಲು ಉದ್ದೇಶಿಸಿದ್ದೇವೆ.

ಮೊದಲು ಪದದ ಮಾತು. ‘ಖಾಸಗಿತನ’ಕ್ಕೆ ‘ಗುಟ್ಟು’ ಎಂಬುದು ಸಮಾನಪದವಲ್ಲ. ವಿದ್ಯಾರ್ಥಿನಿಯೊಬ್ಬಳ ದೂರವಾಣಿ ಸಂಖ್ಯೆ ಗುಟ್ಟೇನೂ ಅಲ್ಲ. ಗೆಳತಿಯರಿಗೆಲ್ಲ ಅದು ಗೊತ್ತು. ಆದರೂ ಅದನ್ನು ಬಸ್ ನಿಲ್ದಾಣದ ಗೋಡೆಯ ಮೇಲೆ ಯಾರಾದರೂ ಬರೆದರೆ ಆಕೆ ಸುಮ್ಮನಿರಲಾರಳು. ವಿಷಯ ಯಾವುದೆಂಬುದಕ್ಕಿಂತ ಅದು ಯಾರ ಮುಂದೆ ತೆರೆದಿದೆ ಎಂಬುದೇ ಇಲ್ಲಿ ಮುಖ್ಯ. ವಾರನ್ ಮತ್ತು ಬ್ರಾಂಡೈಸ್ ಎಂಬ ಇಬ್ಬರು ಅಮೆರಿಕನ್ ವಕೀಲರು 1890ರಲ್ಲಿ ಹಾರ್ವರ್ಡ್ ಲಾ ರಿವ್ಯೂ ಪತ್ರಿಕೆಯಲ್ಲಿ, ತನ್ನಷ್ಟಕ್ಕೆ ತಾನಿರುವ ಹಕ್ಕು ಮನುಷ್ಯನಿಗುಂಟೆಂದು ವಾದಿಸಿದಾಗ, ಅವರನ್ನು ಕಾಡಿದ್ದು ಕ್ಷಣಮಾತ್ರದಲ್ಲಿ ಚಿತ್ರ ತೆಗೆಯುವ ಕ್ಯಾಮರಾ ಮತ್ತು ಪರರ ಮನೆವಾರ್ತೆಯನ್ನು ಅಚ್ಚುಹಾಕುವ ವೃತ್ತಪತ್ರಿಕೆ. ಭಾರತದಲ್ಲಿ ಈ ಹಕ್ಕಿನ ನಿರ್ಣಯಕ್ಕೆ ಕನ್ನಡಿಗರೊಬ್ಬರ ಹೆಸರು ಸೇರಿಕೊಂಡಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಆ ವ್ಯಾಜ್ಯದಲ್ಲಿ ಒಂಬತ್ತು ನ್ಯಾಯಾಧೀಶರ ಪೀಠವು 2017ನೆಯ ಆಗಸ್ಟ್ 24ರಂದು, ಖಾಸಗಿತನವು ಸಂವಿಧಾನದತ್ತವಾದ ಮೂಲಭೂತ ಹಕ್ಕೆಂದು ಏಕಾಭಿಪ್ರಾಯದಿಂದ ಸಾರಿತು.

ಹಕ್ಕು ಇದೆ, ಸರಿಯಷ್ಟೆ. ಖಾತೆಯಲ್ಲಿ ಅದನ್ನು ಚಲಾಯಿಸುವ ಬಗೆ ಹೇಗೆ? ಪ್ರತಿಯೊಂದು ಏರ್ಪಾಡಿಗೂ ಸಂಸ್ಥೆಯು ತಾನೇ ಮುಂಚಿತವಾಗಿ ಗೊತ್ತುಮಾಡಿಟ್ಟ ಒಂದು ಸ್ಥಿತಿ ಇರುತ್ತದೆ. ಇದನ್ನು ‘ಡೀಫಾಲ್ಟ್’ ಎನ್ನುತ್ತಾರೆ. ನಾವು ಪೂರ್ವನಿಯೋಜನೆ ಎನ್ನೋಣ. ಖಾತೆದಾರನು ಏನನ್ನೂ ಮುಟ್ಟದಿದ್ದರೆ ಅದೇ ಅವನ ಇಚ್ಛೆಯೆಂದು ಭಾವಿಸಲ್ಪಡುತ್ತದೆ. ಈ ಪೂರ್ವನಿಯೋಜನೆಯೂ ಸ್ಥಿರವಲ್ಲ. 2009ರ ಡಿಸೆಂಬರಿನಲ್ಲಿ ಫೇಸ್‌ಬುಕ್ ತನ್ನ ಏರ್ಪಾಡುಗಳನ್ನು ಬದಲಾಯಿಸಿದಾಗ, ಬಳಕೆದಾರರು ಮುಚ್ಚಿಟ್ಟಿದ್ದ ಸ್ನೇಹಿತರ ಪಟ್ಟಿಯಂಥ ಸಂಗತಿಗಳು ಸರ್ವರಿಗೂ ಕಾಣುವಂತಾದುವೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆಕ್ಷೇಪಿಸಿತು. 2011ರಲ್ಲಿ ಆ ಪ್ರಕರಣವು ರಾಜಿಯಲ್ಲಿ ಮುಗಿಯಿತು. ಹೊಸದಾಗಿ ಸೇರುವವರ ಬರಹಗಳು ಮೊದಲಿಗೆ ಸ್ನೇಹಿತರಿಗಷ್ಟೇ ಕಾಣುವಂತೆ ಆ ಸಂಸ್ಥೆ ಪೂರ್ವನಿಯೋಜನೆಯನ್ನು ತಿದ್ದಿದ್ದು 2014ರಲ್ಲಿ. ಅದಕ್ಕೆ ಮುಂಚೆ ಸೇರಿದವರು, ಅಂದರೆ ಇಂದಿನ ಅಧ್ಯಾಪಕರಲ್ಲಿ ಅನೇಕರು, ತಮ್ಮ ಹಳೆಯ ಬರಹಗಳನ್ನು ಒಮ್ಮೆ ಹಿಂದಿರುಗಿ ನೋಡುವುದು ಲೇಸು.

ಎಚ್ಚರದಿಂದ ಏರ್ಪಾಡು ಮಾಡಿಕೊಂಡವರಿಗಾದರೂ ಅದು ಕೈಗೂಡುವುದೆ? ಕೊಲಂಬಿಯಾ ವಿಶ್ವವಿದ್ಯಾನಿಲಯದ ಸಂಶೋಧಕರು ಸುಮಾರು 2011ರಲ್ಲಿ 65 ಮಂದಿ ಫೇಸ್‌ಬುಕ್ ಬಳಕೆದಾರರನ್ನು, ನೀವು ಯಾವುದನ್ನು ಯಾರಿಗೆ ತೋರಿಸಬಯಸುತ್ತೀರಿ ಎಂದು ಮೊದಲು ಕೇಳಿ, ಅನಂತರ ಅವರ ಖಾತೆಗಳ ನಿಜಸ್ಥಿತಿಯೊಡನೆ ಹೋಲಿಸಿದರು. ಇಚ್ಛೆಗೂ ವಾಸ್ತವಕ್ಕೂ ಒಂದೆಡೆಯಾದರೂ ವ್ಯತ್ಯಾಸವಿಲ್ಲದ ಖಾತೆ ಒಂದೂ ಇರಲಿಲ್ಲ. ಸಂಖ್ಯೆ ಚಿಕ್ಕದೆಂಬುದು ನಿಜ. ಆದರೆ ಅರುವತ್ತೈದಕ್ಕೆ ಅರುವತ್ತೈದೂ ತಪ್ಪಿದ ಮೇಲೆ, ದೋಷವನ್ನು ಬಳಸುವವರ ಅಜಾಗ್ರತೆಯ ಮೇಲೆ ಹೊರಿಸುವುದು ನ್ಯಾಯವೆಂದು ನಮಗೆ ತೋರುವುದಿಲ್ಲ.

ಇದಕ್ಕಿಂತ ಗಹನವಾದ ತೊಡಕು ಬೇರೊಂದಿದೆ. 2018ರ ಮಾರ್ಚಿಯಲ್ಲಿ ಬಯಲಾದ ಕೇಂಬ್ರಿಜ್ ಅನಲಿಟಿಕಾ ಪ್ರಕರಣವನ್ನು ವಾಚಕರು ಬಲ್ಲರು. ಅಲೆಕ್ಸಾಂಡರ್ ಕೋಗನ್ ಎಂಬ ಸಂಶೋಧಕನು ವ್ಯಕ್ತಿತ್ವ ಪರೀಕ್ಷೆಯ ರೂಪದ ಆಪ್ ಒಂದನ್ನು ರಚಿಸಿ, ಅದರ ಮೂಲಕ ದೊರೆತ ಮಾಹಿತಿಯನ್ನು ರಾಜಕೀಯ ಪ್ರಚಾರಕ್ಕೆ ನೆರವಾಗುತ್ತಿದ್ದ ಆ ಸಂಸ್ಥೆಗೆ ಒದಗಿಸಿದನು. ಫೇಸ್‌ಬುಕ್ ತಾನೇ ಕೊಟ್ಟ ಲೆಕ್ಕದಂತೆ ಭಾರತದಲ್ಲಿ ಆ ಆಪನ್ನು ಹಾಕಿಕೊಂಡವರು 335 ಮಂದಿ. ಮಾಹಿತಿ ಹೋಗಿರಬಹುದಾದವರು ಒಟ್ಟು 5,62,455 ಮಂದಿ. ಮಿಕ್ಕವರೆಲ್ಲ ಆಪನ್ನು ಹಾಕಿಕೊಂಡವರ ಸ್ನೇಹಿತರು. (ಇಲ್ಲಿ ಭಾಗಾಕಾರ ಮಾಡಿ ತಲೆಗಿಷ್ಟೆಂದು ಹೇಳಹೊರಡುವುದು ತಪ್ಪಾದೀತು, ಸ್ನೇಹವು ದೇಶದ ಗಡಿಯನ್ನು ನೋಡಿ ಆಗುವುದಲ್ಲ.) ಆ ಸ್ನೇಹಿತರಲ್ಲಿ ಕೆಲವರಾದರೂ ತಮ್ಮ ಬರಹಗಳನ್ನು ‘ಸ್ನೇಹಿತರಿಗೆ ಮಾತ್ರ’ ಎಂದು ಗುರುತಿಸಿಟ್ಟಿದ್ದಿರಬೇಕು. ಅದರಿಂದ ಪ್ರಯೋಜನವಾಗಲಿಲ್ಲ. ಸ್ನೇಹಿತರು ಬಳಸುವ ಆಪ್‌ಗಳಿಗೆ ತಮ್ಮ ಮಾಹಿತಿಯನ್ನು ಕೊಡಬಾರದೆಂಬ ಏರ್ಪಾಡು ಆಗ ಇದ್ದುದು ಖಾಸಗಿತನದ ಪುಟದಲ್ಲಲ್ಲ, ಆಪ್‌ಗಳ ಪುಟದಲ್ಲಿ. ತಾನು ಯಾವ ಆಪನ್ನೂ ಬಳಸದಿರುವವನು ಆ ಪುಟವನ್ನು ಏಕೆ ತೆರೆದಾನು? ಸ್ನೇಹಿತರ ಮಾಹಿತಿಯನ್ನು ಆಪ್‌ಗಳು ಪಡೆಯುವ ಈ ಮಾರ್ಗವನ್ನು 2015ರಲ್ಲಿ ಮುಚ್ಚಲಾಯಿತು. 2019ರಲ್ಲಿ ಸಂಸ್ಥೆಗೆ 500 ಕೋಟಿ ಡಾಲರುಗಳ ದಂಡ ಬಿತ್ತು. ನಮ್ಮ ಬಾಗಿಲಿನ ಅಗಳಿ ನಮ್ಮ ನೆರೆಯವನ ಕೈಯಲ್ಲೂ ಇರಬಹುದೆಂಬ ಸಂಗತಿ ಈ ಪ್ರಕರಣದಿಂದ ಸ್ಪಷ್ಟಪಡುತ್ತದೆ.

ಕಾಲೇಜಿನ ದೈನಂದಿನ ವ್ಯವಹಾರದಲ್ಲಿ ಆ ನೆರೆಯವರು ಬಹುಮಟ್ಟಿಗೆ ಅಧ್ಯಾಪಕರೇ ಆಗಿರುತ್ತಾರೆ. ತರಗತಿಗೊಂದು ವಾಟ್ಸ್ಆಪ್ ಗುಂಪು ಮಾಡಿ ಎಂಬತ್ತು ಮಂದಿ ವಿದ್ಯಾರ್ಥಿಗಳನ್ನು ಸೇರಿಸಿದಾಗ, ಅವರವರ ಸಂಖ್ಯೆಯನ್ನು ಉಳಿದ ಎಪ್ಪತ್ತೊಂಬತ್ತು ಮಂದಿಗೆ ಕೊಟ್ಟವರು ನಾವು. ನಾವು ಬಲ್ಲ ಒಂದು ತರಗತಿಯಲ್ಲಿ ಹೀಗೆ ಸಿಕ್ಕಿದ ಸಂಖ್ಯೆಗೆ ರಾತ್ರಿಯ ವೇಳೆ ಸಂದೇಶಗಳು ಬರತೊಡಗಿ, ವಿದ್ಯಾರ್ಥಿನಿಯೊಬ್ಬಳು ಸಂಖ್ಯೆಯನ್ನೇ ಬದಲಾಯಿಸಬೇಕಾಯಿತು. ಪರೀಕ್ಷೆಯ ವೇಳಾಪಟ್ಟಿ ಹಳೆಯ ಸಂಖ್ಯೆಗೆ ಹೋಯಿತು. ಆಕೆಯ ಏರ್ಪಾಡಿನಲ್ಲಿ ಲೋಪವೇನೂ ಇರಲಿಲ್ಲ. ಒಪ್ಪಿಗೆಯಿಲ್ಲದೆ ಯಾರೂ ತನ್ನನ್ನು ಗುಂಪಿಗೆ ಸೇರಿಸದಂತೆ ತಡೆಯುವ ಅವಕಾಶವನ್ನು ವಾಟ್ಸ್ಆಪ್ 2019ರ ಏಪ್ರಿಲಿನಲ್ಲಿ ಕಲ್ಪಿಸಿತು. ಆದರೆ ಅಧ್ಯಾಪಕರು ಸೇರಿಸಿದ ಗುಂಪಿನಿಂದ ಹೊರಗುಳಿಯುವ ಧೈರ್ಯ ಯಾವ ವಿದ್ಯಾರ್ಥಿಗಿದೆ? ಸೂಚನೆಗಳನ್ನು ಕಳುಹಿಸುವುದಷ್ಟೇ ಉದ್ದೇಶವಾದರೆ ‘ಬ್ರಾಡ್‌ಕಾಸ್ಟ್’ ಪಟ್ಟಿ ಸಾಕು. ಅಧ್ಯಾಪಕರ ಸಂಖ್ಯೆಯನ್ನು ಉಳಿಸಿಕೊಂಡವರಿಗೆ ಸಂದೇಶ ತಲಪುತ್ತದೆ, ಒಬ್ಬರ ಸಂಖ್ಯೆ ಇನ್ನೊಬ್ಬರಿಗೆ ತಿಳಿಯುವುದಿಲ್ಲ.

ಇನ್ನು ಸಂಸ್ಥೆಯ ವಿಚಾರ. ಬರಹವನ್ನು ಯಾರು ನೋಡಬಹುದೆಂಬ ಏರ್ಪಾಡು ಇತರ ಜನರನ್ನು ತಡೆಯುತ್ತದೆ; ಖಾತೆಯನ್ನು ನಡೆಸುವ ಸಂಸ್ಥೆಯನ್ನು ತಡೆಯುವುದಿಲ್ಲ. ಇವೆರಡನ್ನು ಬೆರೆಸಿ ಯೋಚಿಸುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ. ವಾಟ್ಸ್ಆಪ್ ಸಂದೇಶಗಳು 2016ರಿಂದ ಕಳುಹಿಸಿದವರಿಗೂ ಪಡೆದವರಿಗೂ ಮಾತ್ರ ಓದಲು ಬರುವಂತೆ ಗೂಢಲಿಪಿಗೊಳ್ಳುತ್ತವೆ. ಆದರೆ ಅವುಗಳ ನಕಲನ್ನು ಗೂಗಲ್ ಮೊದಲಾದ ಕಡೆ ‘ಬ್ಯಾಕಪ್’ ಆಗಿ ಇರಿಸುವಾಗ ಅದೇ ರಕ್ಷಣೆ ಬೇಕೆಂದರೆ ಬೇರೆ ಏರ್ಪಾಡನ್ನು ನಾವೇ ಚಾಲನೆಗೊಳಿಸಬೇಕು. ಈ ಸೌಕರ್ಯ 2021ರಲ್ಲಿ ಬಂದಿತು.

ಕೈಯಳವಿನಲ್ಲಿರುವ ಕೆಲಸಗಳೂ ಇಲ್ಲದಿಲ್ಲ. ಫೇಸ್‌ಬುಕ್ಕಿನಲ್ಲಿ ಹಳೆಯ ಸಾರ್ವಜನಿಕ ಬರಹಗಳನ್ನೆಲ್ಲ ಒಂದೇ ಬಾರಿಗೆ ಸ್ನೇಹಿತರಿಗೆ ಸೀಮಿತಗೊಳಿಸಬಹುದು. ಹಿಂದೆಂದೋ ಪ್ರವೇಶ ಕೊಟ್ಟ ಆಪ್‌ಗಳನ್ನು ಪಟ್ಟಿಯಿಂದ ತೆಗೆಯಬಹುದು. ವಾಟ್ಸ್ಆಪಿನಲ್ಲಿ ಆರಂಕಿಯ ಪಿನ್ ಇಟ್ಟರೆ, ಎಸ್ಎಮ್ಎಸ್ ಸಂಕೇತವನ್ನು ಯಾರಾದರೂ ವಂಚಿಸಿ ಪಡೆದರೂ ಖಾತೆ ಒಡನೆಯೇ ಅವರ ವಶವಾಗುವುದಿಲ್ಲ. ಕಾಲೇಜಿನ ಕಂಪ್ಯೂಟರ್ ಕೊಠಡಿಯಲ್ಲಿ ವಾಟ್ಸ್ಆಪ್ ತೆರೆದು ಹಾಗೆಯೇ ಎದ್ದುಬಂದವರು ‘ಲಿಂಕ್ಡ್ ಡಿವೈಸಸ್’ ಎಂಬಲ್ಲಿ ನೋಡಿದರೆ ಆ ಯಂತ್ರ ಇನ್ನೂ ಜೋಡಣೆಯಲ್ಲಿರುವುದನ್ನು ಕಾಣಬಹುದು; ಅಲ್ಲಿಂದಲೇ ಅದನ್ನು ಕಳಚಲೂಬಹುದು.

‘ಸಾರ್ವಜನಿಕ’ ಎಂಬ ಒಂದು ಗುರುತಿಗೆ ಈಗ ಕಾನೂನಿನ ಪರಿಣಾಮವೂ ಸೇರಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಸಮ್ಮತಿಯನ್ನು ಕೊಟ್ಟಷ್ಟೇ ಸುಲಭವಾಗಿ ಹಿಂತೆಗೆದುಕೊಳ್ಳುವ ಹಕ್ಕನ್ನು ವಿಧಿಸಿದೆ. 2025ರ ನವೆಂಬರಿನಲ್ಲಿ ನಿಯಮಗಳು ಪ್ರಕಟವಾದಾಗ, ಮುಖ್ಯ ವಿಧಿಗಳು ಹದಿನೆಂಟು ತಿಂಗಳ ಅನಂತರ ಜಾರಿಗೆ ಬರುವಂತೆ ಗೊತ್ತುಮಾಡಲಾಯಿತು. ಆದರೆ ಅದರ 3ನೆಯ ಪ್ರಕರಣದ ಪ್ರಕಾರ, ವ್ಯಕ್ತಿಯು ತಾನಾಗಿಯೇ ಸಾರ್ವಜನಿಕಗೊಳಿಸಿದ ಮಾಹಿತಿಗೆ ಈ ಅಧಿನಿಯಮ ಅನ್ವಯಿಸುವುದಿಲ್ಲ. ಸಾಮಾಜಿಕ ಮಾಧ್ಯಮದಲ್ಲಿ ಬರೆದ ಸಂಗತಿಯನ್ನೇ ಅಲ್ಲಿ ಉದಾಹರಣೆಯಾಗಿ ಕೊಡಲಾಗಿದೆ. ಹದಿನೆಂಟರ ತರುಣನು ಮೆಚ್ಚುಗೆಯ ಆಸೆಯಿಂದ ಖಾತೆಯನ್ನು ಸರ್ವರಿಗೂ ತೆರೆದಿಟ್ಟಾಗ ಕಾನೂನಿನ ಆಸರೆಯನ್ನೂ ಅಷ್ಟರಮಟ್ಟಿಗೆ ಬಿಟ್ಟುಕೊಡುತ್ತಾನೆ. ಪೂರ್ವನಿಯೋಜನೆಯಿಂದ ಸಾರ್ವಜನಿಕವಾದುದು ‘ತಾನಾಗಿ’ ಮಾಡಿದ್ದೆನಿಸುವುದೆ ಎಂಬುದು ನ್ಯಾಯಾಲಯಗಳು ಬಿಡಿಸಬೇಕಾದ ಪ್ರಶ್ನೆ.

ಖಾತೆಯನ್ನೇ ಮುಚ್ಚಬಯಸುವವರು ‘ನಿಷ್ಕ್ರಿಯಗೊಳಿಸು’ ಮತ್ತು ‘ಅಳಿಸು’ ಎಂಬುವುಗಳ ಭೇದವನ್ನು ಗಮನಿಸತಕ್ಕದ್ದು. ಮೊದಲನೆಯದು ಕದವಿಕ್ಕುವುದು ಮಾತ್ರ. ಎರಡನೆಯದನ್ನು ಆರಿಸಿದರೆ ಫೇಸ್‌ಬುಕ್ 30 ದಿನ ಕಾಯುತ್ತದೆ. ಆ ಅವಧಿಯಲ್ಲಿ ಒಮ್ಮೆ ಒಳಹೊಕ್ಕು ಕೋರಿಕೆಯನ್ನು ರದ್ದುಪಡಿಸಿದರೆ ಖಾತೆ ಉಳಿದುಕೊಳ್ಳುತ್ತದೆ. ಇತರರಿಗೆ ಈಗಾಗಲೇ ಕಳುಹಿಸಿದ ಸಂದೇಶಗಳು ಅವರ ಬಳಿಯಲ್ಲಿಯೇ ಇರುತ್ತವೆ.