ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಕ್ಯಾಲಿಬ್ರೇಶನ್

ಉಪಕರಣ ತೋರಿಸುವ ಅಂಕಿಯನ್ನು, ಮೌಲ್ಯ ಮೊದಲೇ ಗೊತ್ತಿರುವ ಮಾನಕವೊಂದರ ಜೊತೆ ಹೋಲಿಸಿ ಎರಡರ ನಡುವಿನ ಅಂತರವನ್ನು ಕಂಡುಕೊಳ್ಳುವ ಕೆಲಸವೇ ಕ್ಯಾಲಿಬ್ರೇಶನ್, ಅಂದರೆ ಮಾಪನಾಂಕ ನಿರ್ಣಯ. ಕಂಡ ಅಂತರವನ್ನು ಸರಿಪಡಿಸುವುದು ಅದರ ನಂತರದ, ಬೇರೆಯದೇ ಆದ ಕೆಲಸ. ಅಳತೆ ನಡೆಯುವಲ್ಲೆಲ್ಲ ಇದು ಬೇಕು. ಅಪರಾಧ ತನಿಖೆಗೆ ನೆರವಾಗುವ ಪ್ರಯೋಗಾಲಯದಲ್ಲಿ ಇದರ ಹೊಣೆ ಇನ್ನೂ ದೊಡ್ಡದು, ಏಕೆಂದರೆ ಕಾನೂನು ಹಲವೆಡೆ ಅಂಕಿಯಲ್ಲೇ ಗೆರೆ ಎಳೆದಿದೆ. ಮೋಟಾರು ವಾಹನ ಕಾಯ್ದೆಯ 185ನೆಯ ಕಲಮಿನಂತೆ, 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಇಟ್ಟುಕೊಂಡು ವಾಹನ ನಡೆಸುವುದು ಅಪರಾಧ. ಮಾದಕ ವಸ್ತು ಕಾಯ್ದೆಯಲ್ಲಿ ಗಾಂಜಾಕ್ಕೆ 20 ಕಿಲೋಗ್ರಾಂ, ಹೆರಾಯಿನ್‌ಗೆ 250 ಗ್ರಾಂ ಮೀರಿದರೆ ಅದು ವಾಣಿಜ್ಯ ಪ್ರಮಾಣ. ಶಿಕ್ಷೆ ಕನಿಷ್ಠ 10 ವರ್ಷ. ಗೆರೆಯ ಆಚೆಯೋ ಈಚೆಯೋ ಎಂಬುದನ್ನು ಉಪಕರಣ ಹೇಳುವಾಗ, ಅದರ ಮಾತು ಎಷ್ಟು ನಂಬಲರ್ಹ ಎಂದು ಮೊದಲು ತಿಳಿದಿರಬೇಕು.

ಕರ್ನಾಟಕದಲ್ಲಿ ಈ ಕೆಲಸದ ಕೇಂದ್ರ ಬೆಂಗಳೂರಿನ ಮಡಿವಾಳದಲ್ಲಿರುವ ರಾಜ್ಯ ವಿಧಿವಿಜ್ಞಾನ ಪ್ರಯೋಗಾಲಯ. ದಾವಣಗೆರೆ, ಮೈಸೂರು, ಮಂಗಳೂರು, ಬೆಳಗಾವಿ, ಕಲಬುರಗಿ ಮೊದಲಾದೆಡೆ ಪ್ರಾದೇಶಿಕ ಪ್ರಯೋಗಾಲಯಗಳಿವೆ. ಪೊಲೀಸರು ಮೊಹರು ಹಾಕಿ ಕಳಿಸಿದ ರಕ್ತ, ಒಳಾಂಗ, ಮಾದಕ ವಸ್ತು, ಗುಂಡುಗಳ ಪರೀಕ್ಷೆ ನಡೆಯುವುದು ಇಂಥ ಕಡೆ.

ಮಾನಕದ ಸರಪಳಿ

ಎಲ್ಲರೂ ಒಪ್ಪುವ ಮೂಲ ಅಳತೆಯೊಂದು ಬೇಕೆಂಬ ತಿಳಿವಳಿಕೆ ಈ ನಾಡಿಗೆ ಹಳೆಯದು. ಬಂದಳಿಕೆ, ಬಳ್ಳಿಗಾವೆಗಳಿರುವ ಶಿಕಾರಿಪುರ, ಸೊರಬ ಸೀಮೆಯ ಶಾಸನಗಳು ದತ್ತಿಯ ಭೂಮಿಯನ್ನು ಮತ್ತರು, ಕಮ್ಮ ಎಂಬ ಅಳತೆಗಳಲ್ಲಿ ಹೇಳುವಾಗ, ಯಾವ ಗಳೆಯಲ್ಲಿ, ಅಂದರೆ ಅಳತೆಗೋಲಿನಲ್ಲಿ, ಅಳೆದದ್ದೆಂದು ಎಷ್ಟೋ ಸಲ ಹೆಸರಿಸುತ್ತವೆ. ಅಂಥ ಒಂದು ಹೆಸರು ಭೇರುಂಡ ಗಳೆ. ಬಳ್ಳಿಗಾವೆಯಲ್ಲಿ 1047ರಲ್ಲಿ ನಿಲ್ಲಿಸಿದ ಗಂಡಭೇರುಂಡ ಕಂಬಕ್ಕೂ ಈ ಅಳತೆಗೋಲಿಗೂ ಸಂಬಂಧವಿದೆಯೆಂದು ವಿದ್ವಾಂಸರು ಭಾವಿಸಿದ್ದಾರೆ. ಗಳೆ ಯಾವುದೆಂದು ಕಲ್ಲಿನಲ್ಲಿ ಬರೆದಿದ್ದರೆ ಮುಂದೆ ತಕರಾರು ಬಂದಾಗ ಅದೇ ಕೋಲಿನಿಂದ ಮತ್ತೆ ಅಳೆಯಬಹುದು.

ಇಂದು ಭಾರತದಲ್ಲಿ ಆ ಮೂಲಸ್ಥಾನ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ್ದು. ದೇಶದ ಕಿಲೋಗ್ರಾಂ ಮಾದರಿ, 57ನೆಯ ಸಂಖ್ಯೆಯ ಪ್ಲಾಟಿನಂ–ಇರಿಡಿಯಂ ಬೊಟ್ಟು, ಅಲ್ಲಿದೆ. 2019ರ ಮೇ 20ರಿಂದ ಕಿಲೋಗ್ರಾಂನ ವ್ಯಾಖ್ಯೆ ಲೋಹದ ಬೊಟ್ಟನ್ನು ಬಿಟ್ಟು ಪ್ಲ್ಯಾಂಕ್ ಸ್ಥಿರಾಂಕವನ್ನು ಆಧರಿಸಿದೆ. ರಾಷ್ಟ್ರೀಯ ಮಾನಕದ ಜೊತೆ ಹೋಲಿಸಿದ ತೂಕದ ಬೊಟ್ಟುಗಳು ಎನ್‌ಎಬಿಎಲ್ ಎಂಬ ರಾಷ್ಟ್ರೀಯ ಮಂಡಳಿಯ ಮಾನ್ಯತೆ ಪಡೆದ ಕ್ಯಾಲಿಬ್ರೇಶನ್ ಸಂಸ್ಥೆಗಳಲ್ಲಿರುತ್ತವೆ. ಅವುಗಳ ಜೊತೆ ಹೋಲಿಸಿದ ಬೊಟ್ಟುಗಳು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಬರುತ್ತವೆ. ಪ್ರತಿ ಹಂತಕ್ಕೂ ಪ್ರಮಾಣಪತ್ರವಿರುತ್ತದೆ. ನಡುವೆ ಒಂದು ಕೊಂಡಿ ಕಳಚಿದರೂ ಕೆಳಗಿನ ಅಳತೆಗೆ ಆಧಾರ ತಪ್ಪುತ್ತದೆ.

ತಕ್ಕಡಿ

ಎಲೆಕ್ಟ್ರಾನಿಕ್ ತಕ್ಕಡಿ ನಿಜಕ್ಕೂ ಗ್ರಹಿಸುವುದು ಭೂಮಿಯ ಸೆಳೆತವನ್ನು. ಆ ಸೆಳೆತ ಊರಿಂದೂರಿಗೆ ಬದಲಾಗುತ್ತದೆ. ಸಮಭಾಜಕಕ್ಕೆ ಹೆಚ್ಚು ಹತ್ತಿರವೂ ಎತ್ತರವೂ ಆದ ಬೆಂಗಳೂರಿನಲ್ಲಿ ಅದು ದೆಹಲಿಗಿಂತ ಸಾವಿರದಲ್ಲಿ ಒಂದು ಪಾಲಿನಷ್ಟು ಕಡಿಮೆ. ದೆಹಲಿಯಲ್ಲಿ ಸರಿಹೊಂದಿಸಿದ ತಕ್ಕಡಿಯನ್ನು ಹಾಗೆಯೇ ಬೆಂಗಳೂರಿಗೆ ತಂದರೆ ಒಂದು ಕಿಲೋಗ್ರಾಂಗೆ ಸುಮಾರು ಒಂದು ಗ್ರಾಂ ಕಡಿಮೆ ತೋರಿಸುತ್ತದೆ. ಹಾಗಾಗಿ ತಕ್ಕಡಿಯ ಕ್ಯಾಲಿಬ್ರೇಶನ್ ಅದು ಇರುವ ಜಾಗದಲ್ಲೇ ನಡೆಯಬೇಕು. ಮಟ್ಟ ನೋಡಿ, ಯಂತ್ರ ಹದಕ್ಕೆ ಬರಲು ಬಿಟ್ಟು, ಬೊಟ್ಟುಗಳನ್ನು ಇಕ್ಕಳದಲ್ಲಿ ಹಿಡಿದು ಇಡುತ್ತಾರೆ. ಬೆರಳಿನ ಜಿಡ್ಡೂ ಸೂಕ್ಷ್ಮ ತಕ್ಕಡಿಗೆ ತೂಕವೇ. ತಟ್ಟೆಯ ನಡುವೆ, ನಾಲ್ಕು ಮೂಲೆಗಳಲ್ಲಿ, ಒಂದೇ ಬೊಟ್ಟನ್ನು ಮತ್ತೆ ಮತ್ತೆ ಇಟ್ಟು ಅಂಕಿ ಬರೆದುಕೊಳ್ಳುತ್ತಾರೆ. ಸರಿಯಾದ ತಕ್ಕಡಿಯಿಂದ, ದ್ರವ ಅಳೆಯುವ ಪಿಪೆಟ್ಟನ್ನೂ ಅದು ಬಿಟ್ಟ ನೀರನ್ನು ತೂಗಿ ಪರೀಕ್ಷಿಸಬಹುದು: 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಮಿಲಿಲೀಟರ್ ಶುದ್ಧ ನೀರು 0.998 ಗ್ರಾಂ ತೂಗುತ್ತದೆ.

ರಕ್ತದ ಮದ್ಯಸಾರ

ರಕ್ತದ ಮದ್ಯಸಾರ ಅಳೆಯಲು ಬಳಸುವ ಗ್ಯಾಸ್ ಕ್ರೊಮಟೋಗ್ರಾಫ್ ನೇರವಾಗಿ ಮಿಲಿಗ್ರಾಂ ಹೇಳುವುದಿಲ್ಲ. ಮುಚ್ಚಿದ ಪುಟ್ಟ ಸೀಸೆಯಲ್ಲಿ ಬಿಸಿ ಮಾಡಿದ ರಕ್ತದಿಂದ ಮೇಲೆದ್ದ ಆವಿಯನ್ನು ಸೆಳೆದು, ಅದರಲ್ಲಿರುವ ವಸ್ತುಗಳನ್ನು ಬೇರ್ಪಡಿಸಿ, ಒಂದೊಂದಕ್ಕೂ ಒಂದು ಶಿಖರ ಬರೆಯುತ್ತದೆ. ಎಷ್ಟು ವಿಸ್ತೀರ್ಣದ ಶಿಖರ ಎಂದರೆ ಎಷ್ಟು ಮದ್ಯಸಾರ ಎಂದು ತಿಳಿಯಲು, ಪ್ರಮಾಣ ಗೊತ್ತಿರುವ ಹಲವು ದ್ರಾವಣಗಳನ್ನು ಮೊದಲು ಓಡಿಸಿ ಒಂದು ರೇಖೆ ಎಳೆಯುತ್ತಾರೆ. 30 ಮಿಲಿಗ್ರಾಂ ಆ ರೇಖೆಯ ಕೊನೆಗೆ ಸಿಕ್ಕಿಕೊಳ್ಳದೆ ಒಳಗೆ ಬರಬೇಕು. ಪ್ರತಿ ಸೀಸೆಗೂ ಒಂದೇ ಅಳತೆಯ ಎನ್-ಪ್ರೊಪನಾಲ್ ಬೆರೆಸುವುದರಿಂದ ಸೀಸೆಯಿಂದ ಸೀಸೆಗೆ ಆಗುವ ಏರುಪೇರು ಲೆಕ್ಕಕ್ಕೆ ಸಿಗುತ್ತದೆ. ಮಾದರಿಗಳ ನಡುವೆ ಮದ್ಯಸಾರವೇ ಇಲ್ಲದ ಸೀಸೆಯನ್ನೂ, ರೇಖೆಗೆ ಬಳಸದ ಬೇರೊಂದು ಮಾನಕ ದ್ರಾವಣವನ್ನೂ ಇಡುತ್ತಾರೆ. ಅವು ನಿರೀಕ್ಷಿತ ಉತ್ತರ ಕೊಡದಿದ್ದರೆ ಆ ಸರದಿಯ ಫಲಿತಾಂಶಗಳನ್ನು ಕೈಬಿಟ್ಟು ಮತ್ತೆ ಮೊದಲಿನಿಂದ ನಡೆಸಬೇಕು.

ಉಸಿರು ಪರೀಕ್ಷಿಸುವ ಯಂತ್ರದ ಕ್ಯಾಲಿಬ್ರೇಶನ್ನಿಗೆ ಕೃತಕ ಉಸಿರು ಬೇಕು. ಮದ್ಯಸಾರ ಬೆರೆಸಿದ ನೀರನ್ನು 34 ಡಿಗ್ರಿಯಲ್ಲಿಟ್ಟು ಅದರ ಮೂಲಕ ಗಾಳಿ ಹಾಯಿಸುವುದು ಒಂದು ಕ್ರಮ. ನೀರಿನ ಉಷ್ಣತೆ ತಪ್ಪಿದರೆ ಆವಿಯ ಪ್ರಮಾಣ ತಪ್ಪುತ್ತದೆ. ಅದರಿಂದ ಯಂತ್ರವೂ ತಪ್ಪು ಕಲಿಯುತ್ತದೆ. ಅಮೆರಿಕದ ನ್ಯೂಜೆರ್ಸಿಯಲ್ಲಿ ಈ ಉಷ್ಣತೆಯನ್ನು ರಾಷ್ಟ್ರೀಯ ಮಾನಕಕ್ಕೆ ಹೊಂದಿಸಿದ ಥರ್ಮಾಮೀಟರಿನಿಂದ ಪರಿಶೀಲಿಸುವ ಒಂದು ಹಂತವನ್ನು ಬಿಟ್ಟಿದ್ದು ಬಯಲಾಯಿತು. 2018ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ಯಂತ್ರಗಳ ಫಲಿತಾಂಶಗಳನ್ನು ಸಾಕ್ಷ್ಯವಾಗಿ ಒಪ್ಪಲಿಲ್ಲ. 20 ಸಾವಿರಕ್ಕೂ ಹೆಚ್ಚು ಪರೀಕ್ಷೆಗಳು ಪ್ರಶ್ನೆಗೊಳಗಾದವು.

ಉಳಿದ ಉಪಕರಣಗಳು

ಬೆಳಕಿನ ಹೀರಿಕೆ ಅಳೆಯುವ ಸ್ಪೆಕ್ಟ್ರೋಫೋಟೋಮೀಟರಿನ ತರಂಗಾಂತರವನ್ನು ಹೋಲ್ಮಿಯಂ ಆಕ್ಸೈಡಿನ ಗೊತ್ತಾದ ಹೀರಿಕೆ ಶಿಖರಗಳಿಂದಲೂ, ಸೂಕ್ಷ್ಮದರ್ಶಕದ ಅಳತೆಯನ್ನು ಒಂದು ಮಿಲಿಮೀಟರನ್ನು ನೂರು ಭಾಗ ಮಾಡಿ ಗೀಚಿದ ಗಾಜಿನ ಪಟ್ಟಿಯಿಂದಲೂ ನೋಡುತ್ತಾರೆ. ಮಾದರಿಯನ್ನು ಕಾಪಿಡುವ ಫ್ರಿಜ್‌ನ ಥರ್ಮಾಮೀಟರಿಗೂ ಇದೇ ನಿಯಮ.

ದಾಖಲೆ ಮತ್ತು ಅನಿಶ್ಚಿತತೆ

ಐಎಸ್‌ಒ/ಐಇಸಿ 17025 ಎಂಬ ಅಂತರರಾಷ್ಟ್ರೀಯ ಮಾನದಂಡದಂತೆ, ಫಲಿತಾಂಶದ ಮೇಲೆ ಪ್ರಭಾವ ಬೀರುವ ಪ್ರತಿ ಅಳತೆ ಉಪಕರಣಕ್ಕೂ ಕ್ಯಾಲಿಬ್ರೇಶನ್ ವೇಳಾಪಟ್ಟಿ ಇರಬೇಕು. ದುರಸ್ತಿಯಾದ ಮೇಲೆ ಪರೀಕ್ಷಿಸದೆ ಬಳಸುವಂತಿಲ್ಲ. ತಪ್ಪು ತೋರಿಸಿದ ಉಪಕರಣವನ್ನು ಬದಿಗಿಟ್ಟು, ಅದು ಈ ಮೊದಲು ಕೊಟ್ಟ ಫಲಿತಾಂಶಗಳ ಮೇಲೆ ಆಗಿರಬಹುದಾದ ಪರಿಣಾಮವನ್ನೂ ಪರಿಶೀಲಿಸಬೇಕು. ಪ್ರಮಾಣಪತ್ರದಲ್ಲಿ ಅಳತೆಯ ಅನಿಶ್ಚಿತತೆಯೂ ನಮೂದಾಗಿರುತ್ತದೆ. ರಕ್ತದಲ್ಲಿ 31 ಮಿಲಿಗ್ರಾಂ ಕಂಡು, ಅನಿಶ್ಚಿತತೆ 2 ಮಿಲಿಗ್ರಾಂ ಇದ್ದರೆ, ನಿಜ ಮೌಲ್ಯ 29ರಿಂದ 33ರ ನಡುವೆ ಎಲ್ಲಿಯಾದರೂ ಇರಬಹುದು. ಗೆರೆ ದಾಟಿದ್ದಾರೆಂದು ಆ ಅಂಕಿಯೊಂದರಿಂದಲೇ ಖಚಿತವಾಗಿ ಹೇಳಲಾಗದು.

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 329ನೆಯ ಕಲಂ ಅಡಿ ಸರ್ಕಾರಿ ವಿಜ್ಞಾನ ತಜ್ಞರ ವರದಿಯನ್ನು ಅವರ ಬಾಯಿ ಹೇಳಿಕೆಯಿಲ್ಲದೆಯೂ ಸಾಕ್ಷ್ಯವಾಗಿ ಬಳಸಬಹುದು. ಬೇಕೆನಿಸಿದರೆ ನ್ಯಾಯಾಲಯ ಅವರನ್ನು ಕರೆಸಿ ವಿಚಾರಿಸಬಹುದು. ಕಾಗದದ ಮೇಲಿನ ಒಂದು ಅಂಕಿಗೆ ಇಷ್ಟು ತೂಕ ಕೊಟ್ಟಿರುವುದರಿಂದ ಅದರ ಹಿಂದಿನ ಕ್ಯಾಲಿಬ್ರೇಶನ್ ದಾಖಲೆ ಪೂರ್ತಿಯಾಗಿ, ಕೇಳಿದಾಗ ತೋರಿಸುವಂತೆ ಇರಲೇಬೇಕು. ನಿರಪರಾಧಿ ಶಿಕ್ಷೆಗೆ ಗುರಿಯಾಗದಿರಲೂ ಅಪರಾಧಿ ಸಂಶಯದ ಲಾಭ ಪಡೆದು ಪಾರಾಗದಿರಲೂ ಆ ದಾಖಲೆ ಅಗತ್ಯ.