ಅನುಮಾನವೇ ಕಥಾನಾಯಕನಾದಾಗ

ನಮ್ಮ ಕಿನ್ನಾಳದ ಚಿತ್ರಗಾರರು ಗೊಂಬೆ ಮಾಡುವುದನ್ನು ನೋಡಿದ್ದೀರಾ? ಹಗುರ ಮರದ ತುಂಡುಗಳನ್ನು ಜೋಡಿಸಿ, ಸಂದು ಕಾಣದಂತೆ ಹುಣಸೆ ಬೀಜದ ಅಂಟು ಬೆರೆಸಿದ ಲೇಪ ಬಳಿದು, ಮೇಲೆ ಬಣ್ಣ ಹಚ್ಚುತ್ತಾರೆ. ಗೊಂಬೆ ಒಂದೇ ಮರದ್ದೆನಿಸುತ್ತದೆ. ಸಿನಿಮಾ, ಟೀವಿಗಳ ಒಳಸಂಚಿನ ಕಥೆಗಳೂ ಹೀಗೆಯೇ. ಬಿಡಿ ಸಂಗತಿಗಳ ನಡುವಿನ ಸಂದು ನಮಗೆ ಕಾಣುವುದಿಲ್ಲ.

ಇಂಥ ಕಥೆಗಳು ಜನರ ಅಪನಂಬಿಕೆಯಿಂದಲೇ ಹುಟ್ಟುತ್ತವೆ. ವಾಟರ್‌ಗೇಟ್ ಹಗರಣದಿಂದಾಗಿ ಅಮೆರಿಕದ ಅಧ್ಯಕ್ಷ ನಿಕ್ಸನ್ 1974ರಲ್ಲಿ ರಾಜೀನಾಮೆ ಕೊಟ್ಟರು. ಸರಕಾರ ಸುಳ್ಳು ಹೇಳಬಲ್ಲದೆಂಬುದು ಜನರಿಗೆ ಮನದಟ್ಟಾಯಿತು. ಕೆಲವೇ ವರ್ಷಗಳಲ್ಲಿ ‘ಕ್ಯಾಪ್ರಿಕಾರ್ನ್ ಒನ್’ ಚಿತ್ರ ಬಂತು. ಅದರಲ್ಲಿ ಮಂಗಳಯಾನವನ್ನು ಭೂಮಿಯ ಮೇಲೆಯೇ ನಟಿಸಿ ಟೀವಿಯಲ್ಲಿ ತೋರಿಸುತ್ತಾರೆ. 1993ರಲ್ಲಿ ಆರಂಭವಾದ ‘ದಿ ಎಕ್ಸ್-ಫೈಲ್ಸ್’ ಧಾರಾವಾಹಿ ಅದೇ ಅನುಮಾನವನ್ನು ಮನೆಮನೆಗೆ ಮುಟ್ಟಿಸಿತು.

ಕನ್ನಡವೂ ಹೊರತಲ್ಲ. 1981ರ ‘ಅಂತ’ದಲ್ಲಿ ಅಪರಾಧಿಯ ವೇಷದಲ್ಲಿ ಒಳಹೊಕ್ಕ ಪೊಲೀಸ್ ಅಧಿಕಾರಿಗೆ ಗಣ್ಯರೆನಿಸಿಕೊಂಡವರೇ ಪಾತಕದ ಬೆನ್ನಿಗಿರುವುದು ತಿಳಿಯುತ್ತದೆ. ಶಂಕರ್‌ನಾಗ್ ಅವರ ‘ಆಕ್ಸಿಡೆಂಟ್’ನಲ್ಲಿ ರಾಜಕಾರಣಿಯ ಮಗನ ಕಾರು ಫುಟ್‌ಪಾತಿನ ಮೇಲೆ ಮಲಗಿದ್ದ ಬಡವರ ಮೇಲೆ ಹರಿಯುತ್ತದೆ, ಪ್ರಕರಣ ಮುಚ್ಚಿಹಾಕುವ ಯತ್ನ ನಡೆಯುತ್ತದೆ. ಆದರೆ ಅಲ್ಲಿನ ಪತ್ರಕರ್ತ ಬರೀ ಅನುಮಾನಿಸಿ ಕೂರುವುದಿಲ್ಲ, ಸಾಕ್ಷ್ಯ ಹುಡುಕುತ್ತಾನೆ.

ವಿಜ್ಞಾನ ಕೇಳುವುದೂ ಅದನ್ನೇ. ಮನುಷ್ಯ ಚಂದ್ರನ ಮೇಲೆ ಇಳಿದದ್ದೇ ನಾಟಕವೆನ್ನುವವರಿದ್ದಾರೆ. 1969ರಲ್ಲಿ ಅಪೊಲೊ-11ರ ಯಾತ್ರಿಗಳು ಅಲ್ಲಿಟ್ಟ ಪ್ರತಿಫಲಕಕ್ಕೆ ಇಲ್ಲಿಂದ ಲೇಸರ್ ಬಿಟ್ಟರೆ ಸುಮಾರು ಎರಡೂವರೆ ಸೆಕೆಂಡಿನಲ್ಲಿ ಬೆಳಕು ಮರಳುತ್ತದೆ. 2021ರಲ್ಲಿ ನಮ್ಮ ಚಂದ್ರಯಾನ-2 ಆ ಜಾಗದ ಚಿತ್ರವನ್ನೂ ತೆಗೆದಿದೆ.

ಪರೀಕ್ಷಿಸದ ಅನುಮಾನದ ಬೆಲೆ ಘೋರ. 2018ರಲ್ಲಿ ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊ ದೇಶದಾದ್ಯಂತ ಹರಿದಾಡಿತು. ಅದು ಮಕ್ಕಳ ಸುರಕ್ಷತೆಗಾಗಿ ಪಾಕಿಸ್ತಾನದ ಕರಾಚಿಯಲ್ಲಿ ತೆಗೆದ ಜಾಗೃತಿ ಚಿತ್ರ. ಮಗುವನ್ನು ಮರಳಿಸುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಇಂಥ ವದಂತಿಗಳ ನಡುವೆ, ಅದೇ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕಲೇಟು ಕೊಟ್ಟ ಗುಂಪಿನ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಬಗೆದು ಜನ ಹೊಡೆದು ಕೊಂದರು.

ಪಾಲಕರೇ, ಮಕ್ಕಳು ಇಂಥ ಚಿತ್ರ ನೋಡುವುದು ಬೇಡವೆನ್ನಬೇಡಿ. ಜೊತೆಗೆ ಕುಳಿತು ನೋಡಿ, ಮುಗಿದ ಮೇಲೆ ಕೇಳಿ: ಇದನ್ನು ಯಾರು ಕಂಡರು? ಪುರಾವೆ ಏನು? ಎಂಥ ಪುರಾವೆ ಸಿಕ್ಕರೆ ನಿನ್ನ ಅಭಿಪ್ರಾಯ ಬದಲಿಸುತ್ತೀ? ಮೊಬೈಲಿಗೆ ಬಂದ ವಿಡಿಯೊವನ್ನು ಮುಂದೆ ಕಳಿಸುವ ಮುನ್ನ ಇದೇ ಪ್ರಶ್ನೆಗಳನ್ನು ನಾವೂ ಕೇಳಿಕೊಳ್ಳೋಣ.