ಛಾಯಾಚಿತ್ರಗಳ ಸಂರಕ್ಷಣೆ: ಕ್ಲೌಡ್ ಸಂಗ್ರಹ ಮತ್ತು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕುರಿತು ನಾಗರಿಕರಿಗೆ ಮಾಹಿತಿ

ವಿವಿಧ ಸೇವೆಗಳಿಗಾಗಿ ಅರ್ಜಿ ಸಲ್ಲಿಸುವ ನಾಗರಿಕರು ಅನೇಕ ಸಂದರ್ಭಗಳಲ್ಲಿ ಛಾಯಾಚಿತ್ರಗಳನ್ನು ಹಾಜರುಪಡಿಸಬೇಕಾಗುತ್ತದೆ. ವಿವಾಹ ನೋಂದಣಿಗೆ ಆಮಂತ್ರಣ ಪತ್ರಿಕೆಯ ಜೊತೆಗೆ ಮದುವೆಯ ಛಾಯಾಚಿತ್ರ ಬೇಕು. ಮಳೆಗೆ ಮನೆಯ ಗೋಡೆ ಕುಸಿದಾಗ ಅಥವಾ ಶ್ರೀನಿವಾಸಪುರ ಭಾಗದಲ್ಲಿ ಆಲಿಕಲ್ಲು ಬಿದ್ದು ಮಾವು ಉದುರಿದಾಗ, ಅಧಿಕಾರಿಗಳು ಸ್ಥಳ ಪರಿಶೀಲನೆಗೆ ಬರುವ ಮುನ್ನ ತೆಗೆದ ಚಿತ್ರವು ಹಾನಿಯ ಸ್ಥಿತಿಯನ್ನು ತೋರಿಸಲು ನೆರವಾಗುತ್ತದೆ. ಇಂತಹ ಚಿತ್ರಗಳು ಇಂದು ಹಲವು ಕುಟುಂಬಗಳಲ್ಲಿ ಒಂದೇ ಒಂದು ಮೊಬೈಲ್ ಫೋನಿನಲ್ಲಿರುತ್ತವೆ. ಸದರಿ ಫೋನು ಬಸ್ಸಿನಲ್ಲಿ ಕಳೆದುಹೋದರೆ ಚಿತ್ರಗಳೂ ಅದರೊಡನೆ ಹೋಗುತ್ತವೆ. ಎರಡನೆಯ ಪ್ರತಿಯನ್ನು ಎಲ್ಲಿಡುವುದು ಸೂಕ್ತ ಎಂಬ ಬಗ್ಗೆ ಕೋಲಾರ, ಮಾಲೂರು, ಮುಳಬಾಗಿಲು ಹಾಗೂ ಶ್ರೀನಿವಾಸಪುರ ತಾಲ್ಲೂಕುಗಳ ಸಾರ್ವಜನಿಕರ ಅನುಕೂಲಕ್ಕಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಮೊದಲು ವಿಂಗಡಣೆ

ಸಾಧನವನ್ನು ಖರೀದಿಸುವ ಮೊದಲು, ಯಾವುದನ್ನು ಮತ್ತೆ ಪಡೆಯಬಹುದು ಮತ್ತು ಯಾವುದನ್ನು ಪಡೆಯಲಾಗದು ಎಂಬುದನ್ನು ವಿಂಗಡಿಸಿಕೊಳ್ಳತಕ್ಕದ್ದು. ನಾಡಕಛೇರಿಯಿಂದ ಪಡೆದ ಜಾತಿ ಹಾಗೂ ಆದಾಯ ಪ್ರಮಾಣಪತ್ರಗಳನ್ನು ಅವುಗಳ ಮೇಲಿನ ಆರ್.ಡಿ. ಸಂಖ್ಯೆಯ ಮೂಲಕ ಪರಿಶೀಲಿಸಬಹುದು. ಪಹಣಿಯನ್ನು ಭೂಮಿ ತಂತ್ರಾಂಶದಿಂದ ಎಷ್ಟು ಬಾರಿಯಾದರೂ ಪಡೆಯಬಹುದು. ತಾಲ್ಲೂಕು ಕಛೇರಿಗಳ ದಾಖಲೆ ಕೊಠಡಿಗಳಲ್ಲಿರುವ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ಭೂ ಸುರಕ್ಷಾ ಯೋಜನೆಯೂ 2024ರಲ್ಲಿ ಆರಂಭಗೊಂಡಿದೆ. ಇವುಗಳ ಸಂಖ್ಯೆಯನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡರೆ ಬಹುಮಟ್ಟಿಗೆ ಸಾಕು.

ಆದರೆ ಮದುವೆಯ ಚಿತ್ರ, ದಿವಂಗತರಾದ ತಂದೆತಾಯಿಯರ ಭಾವಚಿತ್ರ, ಹಾನಿಗೊಳಗಾದ ಮನೆಯ ಚಿತ್ರ, ನೋಂದಣಿಯಾಗದ ಹಳೆಯ ಕೈಬರಹದ ಕಾಗದಪತ್ರಗಳ ಚಿತ್ರ, ಇವು ಯಾವ ಕಛೇರಿಯಲ್ಲಿಯೂ ಇರುವುದಿಲ್ಲ. ಇವುಗಳಿಗೆ ಕುಟುಂಬವೇ ದಾಖಲೆ ಕೊಠಡಿ. ವಾಸ್ತವದಲ್ಲಿ ಅನೇಕರು ಆಧಾರ್ ಕಾರ್ಡಿನ ಚಿತ್ರವನ್ನು ಹತ್ತು ಕಡೆ ಉಳಿಸಿಟ್ಟುಕೊಂಡು, ಅಜ್ಜಿಯ ಏಕೈಕ ಭಾವಚಿತ್ರವನ್ನು ಒಂದೇ ಕಡೆ ಇಟ್ಟಿರುತ್ತಾರೆ.

ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್

ಇದನ್ನು ಒಮ್ಮೆ ಹಣ ಕೊಟ್ಟು ಖರೀದಿಸಿದರೆ ಮಾಸಿಕ ಶುಲ್ಕವಿಲ್ಲ, ಅಂತರ್ಜಾಲ ಸಂಪರ್ಕವೂ ಬೇಕಿಲ್ಲ. ಸಾಮಾನ್ಯ ಹಾರ್ಡ್ ಡಿಸ್ಕಿನೊಳಗೆ ತಿರುಗುವ ತಟ್ಟೆ ಹಾಗೂ ಚಲಿಸುವ ಮುಳ್ಳು ಇರುವುದರಿಂದ, ಚಾಲನೆಯಲ್ಲಿರುವಾಗ ಕೆಳಗೆ ಬಿದ್ದರೆ ಸಾಮಾನ್ಯವಾಗಿ ಕೆಟ್ಟುಹೋಗುತ್ತದೆ. ಎಸ್.ಎಸ್.ಡಿ. ಎಂಬ ಬಗೆಯಲ್ಲಿ ಚಲಿಸುವ ಭಾಗಗಳಿಲ್ಲ. ಆದರೆ ವಿದ್ಯುತ್ ಸಂಪರ್ಕವಿಲ್ಲದೆ ವರ್ಷಗಟ್ಟಲೆ ಬೀರುವಿನಲ್ಲಿಟ್ಟರೆ ಅದರಲ್ಲಿನ ಮಾಹಿತಿ ನಶಿಸುವ ಸಾಧ್ಯತೆ ಇದೆ. ಆದ್ದರಿಂದ ಯಾವ ಬಗೆಯ ಡಿಸ್ಕ್ ಆದರೂ ಆರು ತಿಂಗಳಿಗೊಮ್ಮೆ ಗಣಕಯಂತ್ರಕ್ಕೆ ಜೋಡಿಸಿ, ಕೆಲವು ಚಿತ್ರಗಳನ್ನು ತೆರೆದು ನೋಡುವುದು ಅಗತ್ಯ. ಅತ್ಯಂತ ಕಡಿಮೆ ಬೆಲೆಗೆ ಬಹು ದೊಡ್ಡ ಸಾಮರ್ಥ್ಯದ ಪೆನ್‌ಡ್ರೈವ್ ಎಂದು ಮಾರಾಟವಾಗುವ ನಕಲಿ ಸಾಧನಗಳ ಬಗ್ಗೆ ಎಚ್ಚರ ವಹಿಸಬೇಕು. ಅವು ತಮ್ಮ ನಿಜವಾದ ಸಾಮರ್ಥ್ಯ ಮೀರಿದ ನಂತರವೂ ಚಿತ್ರಗಳನ್ನು ಸ್ವೀಕರಿಸಿದಂತೆ ತೋರಿಸುತ್ತವೆ, ತೆರೆಯಲು ಹೋದಾಗ ಏನೂ ಇರುವುದಿಲ್ಲ.

ಡಿಸ್ಕಿನ ದೊಡ್ಡ ದೌರ್ಬಲ್ಯವೆಂದರೆ ಅದು ಇರುವ ಸ್ಥಳ. 2021ರ ನವೆಂಬರ್ ತಿಂಗಳಿನ ಭಾರೀ ಮಳೆಯಲ್ಲಿ ಕೋಲಾರ ಜಿಲ್ಲೆಯ ಕೆರೆಗಳು ಕೋಡಿ ಹರಿದದ್ದನ್ನು ಇಲ್ಲಿನ ಜನರು ಕಂಡಿದ್ದಾರೆ. ಮನೆಗೆ ನೀರು ನುಗ್ಗಿದರೆ ಅಥವಾ ಕಳವಾದರೆ ಫೋನು, ಲ್ಯಾಪ್‌ಟಾಪ್ ಮತ್ತು ಡಿಸ್ಕ್ ಮೂರೂ ಒಟ್ಟಿಗೇ ಹೋಗುತ್ತವೆ. ಆದ್ದರಿಂದ ಡಿಸ್ಕನ್ನು ಆಯ್ದುಕೊಳ್ಳುವವರು ಅದನ್ನು ಬೇರೆ ಊರಿನ ನಂಬಿಕಸ್ಥ ಬಂಧುಗಳ ಮನೆಯಲ್ಲಿಡುವುದು ಲೇಸು. ಮಾಲೂರಿನ ಕುಟುಂಬವು ಮುಳಬಾಗಿಲಿನ ತವರುಮನೆಯಲ್ಲಿಟ್ಟು, ಯುಗಾದಿಗೂ ದೀಪಾವಳಿಗೂ ಹೋದಾಗ ಹೊಸ ಚಿತ್ರಗಳನ್ನು ಸೇರಿಸಿಕೊಂಡು ಬರಬಹುದು.

ಕ್ಲೌಡ್ ಸಂಗ್ರಹ

ಕ್ಲೌಡ್ ಎಂದರೆ ಚಿತ್ರಗಳನ್ನು ಅಂತರ್ಜಾಲದ ಮೂಲಕ ಸೇವಾ ಕಂಪನಿಯ ದತ್ತಾಂಶ ಕೇಂದ್ರಕ್ಕೆ ಕಳುಹಿಸಿ ಅಲ್ಲಿ ಇರಿಸುವುದು. ಮನೆಗೆ ಏನಾದರೂ ಪ್ರತಿ ಉಳಿಯುತ್ತದೆ ಎಂಬುದೇ ಇದರ ಮುಖ್ಯ ಪ್ರಯೋಜನ. ಗೂಗಲ್ ಫೋಟೋಸ್ ಸೇವೆಯಲ್ಲಿ ಮಿತಿಯಿಲ್ಲದೆ ಉಚಿತವಾಗಿ ಇರಿಸುವ ಸೌಲಭ್ಯವು 2021ರ ಜೂನ್ 1ರಿಂದ ನಿಂತುಹೋಗಿದೆ. ಬಹುಪಾಲು ಖಾತೆಗಳಿಗೆ 15 ಜಿ.ಬಿ. ಉಚಿತವಾಗಿದ್ದು, ಇ-ಮೇಲ್ ಕೂಡ ಅದರಲ್ಲಿಯೇ ಸೇರುತ್ತದೆ. ಒಂದು ಚಿತ್ರಕ್ಕೆ 4 ಎಂ.ಬಿ.ಯಂತೆ ಲೆಕ್ಕ ಹಿಡಿದರೆ ಮೂರೂಮುಕ್ಕಾಲು ಸಾವಿರ ಚಿತ್ರಗಳಿಗೆ ಅದು ಭರ್ತಿಯಾಗುತ್ತದೆ. ವೀಡಿಯೋಗಳಿದ್ದರೆ ಇನ್ನೂ ಬೇಗ. ಆ ನಂತರ ಶುಲ್ಕ ಪಾವತಿಸಬೇಕು. ಉದಾಹರಣೆಗೆ ವರ್ಷಕ್ಕೆ 1,300 ರೂಪಾಯಿ ಎಂದಿಟ್ಟುಕೊಂಡರೆ ಐದು ವರ್ಷಗಳಿಗೆ 6,500 ರೂಪಾಯಿ ಆಗುತ್ತದೆ. ಡಿಸ್ಕಿನ ಬೆಲೆಯೊಡನೆ ಹೋಲಿಸುವಾಗ ಒಂದು ವರ್ಷದ ಶುಲ್ಕವನ್ನಲ್ಲ, ಈ ಒಟ್ಟು ಮೊತ್ತವನ್ನು ಹೋಲಿಸತಕ್ಕದ್ದು. ಕಳುಹಿಸಲು ತಗಲುವ ಸಮಯವೂ ಗಣನೀಯ. ಸೆಕೆಂಡಿಗೆ 10 ಮೆಗಾಬಿಟ್ ಅಪ್‌ಲೋಡ್ ವೇಗದಲ್ಲಿ 100 ಜಿ.ಬಿ. ಕಳುಹಿಸಲು ಸುಮಾರು 22 ಗಂಟೆಗಳು ಬೇಕು.

ಎರಡು ಅಂಶಗಳನ್ನು ವಿಶೇಷವಾಗಿ ಗಮನಿಸಲು ಕೋರಲಾಗಿದೆ.

ಮೊದಲನೆಯದು, ಫೋನಿನ ಚಿತ್ರಗಳು ಮತ್ತು ಕ್ಲೌಡಿನ ಚಿತ್ರಗಳು ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ಫೋನಿನಲ್ಲಿ ಜಾಗ ಸಾಲದೆಂದು ಗೂಗಲ್ ಫೋಟೋಸ್ ಆ್ಯಪ್‌ನಲ್ಲಿ ಚಿತ್ರವನ್ನು ಅಳಿಸಿದರೆ ಕ್ಲೌಡಿನ ಪ್ರತಿಯೂ ಅಳಿಯುತ್ತದೆ. ಬ್ಯಾಕಪ್ ಆದ ಚಿತ್ರವು ಕಸದ ಬುಟ್ಟಿಯಲ್ಲಿ 60 ದಿನಗಳವರೆಗೆ ಮಾತ್ರ ಇರುತ್ತದೆ. ಫೋನಿನಲ್ಲಿ ಮಾತ್ರ ಜಾಗ ತೆರವು ಮಾಡುವ ಪ್ರತ್ಯೇಕ ಆಯ್ಕೆ ಆ್ಯಪ್‌ನಲ್ಲಿಯೇ ಇದ್ದು, ಅದನ್ನೇ ಬಳಸಬೇಕು.

ಎರಡನೆಯದು ಇನ್ನೂ ಮಹತ್ವದ್ದು. ಕ್ಲೌಡಿನ ಬೀಗದ ಕೈ ಸಾಮಾನ್ಯವಾಗಿ ಮೊಬೈಲ್ ಸಂಖ್ಯೆಯಾಗಿರುತ್ತದೆ. ಪಾಸ್‌ವರ್ಡ್ ಮರೆತಾಗ ಒ.ಟಿ.ಪಿ. ಆ ಸಂಖ್ಯೆಗೇ ಬರುತ್ತದೆ. ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು ಸಿಮ್ ಬದಲಾಯಿಸುವುದು, ಹಳೆಯ ಸಂಖ್ಯೆಗೆ ರೀಚಾರ್ಜ್ ಮಾಡದೆ ಬಿಡುವುದು ಸಾಮಾನ್ಯ. ಹೀಗೆ ಸ್ಥಗಿತಗೊಂಡ ಸಂಖ್ಯೆಯನ್ನು ದೂರಸಂಪರ್ಕ ಕಂಪನಿಯು 90 ದಿನಗಳ ಅವಧಿ ಕಳೆದ ನಂತರ ಬೇರೆ ಗ್ರಾಹಕರಿಗೆ ನೀಡಬಹುದಾಗಿದೆ. ಆಗ ಚಿತ್ರಗಳು ದತ್ತಾಂಶ ಕೇಂದ್ರದಲ್ಲಿ ಭದ್ರವಾಗಿಯೇ ಇದ್ದರೂ ಮಾಲೀಕರಿಗೆ ಸಿಗುವುದಿಲ್ಲ. ಎರಡು ವರ್ಷಗಳ ಕಾಲ ಬಳಸದ ವೈಯಕ್ತಿಕ ಖಾತೆಯನ್ನು ಅದರಲ್ಲಿನ ಚಿತ್ರಗಳ ಸಮೇತ ಅಳಿಸಲು ಗೂಗಲ್ ಸಂಸ್ಥೆಯ ನಿಯಮದಲ್ಲಿ ಅವಕಾಶವಿದ್ದು, 2023ರ ಡಿಸೆಂಬರ್‌ನಿಂದ ಇದು ಅನ್ವಯವಾಗುತ್ತಿದೆ. ಖಾತೆದಾರರು ಮರಣ ಹೊಂದಿದಲ್ಲಿ ಮನೆಯವರು ಇದನ್ನು ತಿಳಿಯುವ ಹೊತ್ತಿಗೆ ತಡವಾಗಿರಬಹುದು. ಬ್ಯಾಂಕಿನ ನಾಮನಿರ್ದೇಶನವನ್ನು ಹೋಲುವ ಸೌಲಭ್ಯವು ಗೂಗಲ್ ಖಾತೆಯಲ್ಲಿ ‘ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್’ ಎಂಬ ಹೆಸರಿನಲ್ಲಿ, ಆ್ಯಪಲ್ ಖಾತೆಯಲ್ಲಿ ‘ಲೆಗಸಿ ಕಾಂಟ್ಯಾಕ್ಟ್’ ಎಂಬ ಹೆಸರಿನಲ್ಲಿ ಲಭ್ಯವಿದೆ. ಠೇವಣಿಗೆ ನಾಮಿನಿ ಹೆಸರು ಬರೆಸುವವರು ಇದನ್ನೂ ಮಾಡಿಸಬಹುದು. ಖಾತೆಯ ರಿಕವರಿ ಸಂಕೇತಗಳನ್ನು ಕಾಗದದಲ್ಲಿ ಬರೆದಿಡಬೇಕು. ಅವುಗಳ ಚಿತ್ರ ತೆಗೆದು ಅದೇ ಫೋನಿನಲ್ಲಿಡುವುದು ತಿಜೋರಿಯ ಕೀಲಿಯನ್ನು ತಿಜೋರಿಯೊಳಗಿಟ್ಟಂತೆ.

ದತ್ತಾಂಶ ಕೇಂದ್ರವೂ ಒಂದು ಕಟ್ಟಡವೇ. ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ 2025ರ ಸೆಪ್ಟೆಂಬರ್ 26ರಂದು ಬೆಂಕಿ ಕಾಣಿಸಿಕೊಂಡು, ಅಲ್ಲಿನ ಸರ್ಕಾರಿ ನೌಕರರು ಬಳಸುತ್ತಿದ್ದ ಜಿ-ಡ್ರೈವ್ ಎಂಬ ಕ್ಲೌಡಿನ 858 ಟೆರಾಬೈಟ್ ಮಾಹಿತಿ ನಾಶವಾಯಿತು. ಅದಕ್ಕೆ ಬೇರೆಡೆ ಪ್ರತಿ ಇರಲಿಲ್ಲ.

ಡಿಜಿಲಾಕರ್ ಬಗ್ಗೆ

2015ರಲ್ಲಿ ಆರಂಭಗೊಂಡ ಡಿಜಿಲಾಕರ್‌ನಲ್ಲಿ ಎರಡು ವಿಭಾಗಗಳಿವೆ. ಸಂಬಂಧಿಸಿದ ಇಲಾಖೆ ಅಥವಾ ಸಂಸ್ಥೆಯೇ ನೀಡುವ ದಾಖಲೆಗಳಿಗೆ ನಿಯಮಾನುಸಾರ ಮೂಲ ದಾಖಲೆಗೆ ಸಮನಾದ ಮಾನ್ಯತೆ ಇದೆ. ನಾಗರಿಕರು ತಾವೇ ಚಿತ್ರ ತೆಗೆದು ಸೇರಿಸಿದ ದಾಖಲೆಗಳಿಗೆ ಈ ಮಾನ್ಯತೆ ಇರುವುದಿಲ್ಲ. ಅಂಕಪಟ್ಟಿ, ಚಾಲನಾ ಪರವಾನಗಿ ಮುಂತಾದವುಗಳನ್ನು ಮೊದಲನೆಯ ವಿಭಾಗದ ಮೂಲಕವೇ ಪಡೆಯತಕ್ಕದ್ದು. ಕುಟುಂಬದ ಛಾಯಾಚಿತ್ರಗಳ ಸಂಗ್ರಹಕ್ಕೆ ಡಿಜಿಲಾಕರ್ ಸೂಕ್ತವಲ್ಲ.

ಯಾರಿಗೆ ಯಾವುದು ಸೂಕ್ತ

ಒಂದನ್ನೇ ಆಯ್ದುಕೊಳ್ಳಬೇಕೆಂಬ ನಿರ್ಬಂಧವಿಲ್ಲ. ಡಿಸ್ಕ್ ಕೆಡುವ ಕಾರಣ ಬೇರೆ, ಖಾತೆ ಕೈತಪ್ಪುವ ಕಾರಣ ಬೇರೆ. ಎರಡೂ ಒಂದೇ ದಿನ ಸಂಭವಿಸುವುದು ವಿರಳ. ಮರಳಿ ಪಡೆಯಲಾಗದ ಚಿತ್ರಗಳು ಸಾಮಾನ್ಯ ಕುಟುಂಬದಲ್ಲಿ ಕೆಲವು ನೂರು ಮಾತ್ರ ಇರುತ್ತವೆ. ಅವುಗಳನ್ನು ಉಚಿತ ಮಿತಿಯೊಳಗೆ ಕ್ಲೌಡಿನಲ್ಲಿಯೂ, ಡಿಸ್ಕಿನಲ್ಲಿಯೂ ಇಡಬಹುದು. ಉಳಿದ ಸಾವಿರಾರು ಚಿತ್ರಗಳಿಗೆ ಡಿಸ್ಕ್ ಒಂದೇ ಸಾಕು. ಮನೆಯಲ್ಲಿ ಗಣಕಯಂತ್ರವಿಲ್ಲದವರು ಹಾಗೂ ವಯೋವೃದ್ಧರು ಕ್ಲೌಡನ್ನೇ ಬಳಸಬಹುದಾದರೂ, ಖಾತೆಯಲ್ಲಿ ಮಗ ಅಥವಾ ಮಗಳ ಸಂಖ್ಯೆಯನ್ನೂ ರಿಕವರಿಗಾಗಿ ನೀಡಬೇಕು. ಪದೇ ಪದೇ ಮೊಬೈಲ್ ಸಂಖ್ಯೆ ಬದಲಾಯಿಸುವವರು ಕ್ಲೌಡನ್ನು ಮಾತ್ರ ನಂಬಿಕೊಳ್ಳುವುದು ಯುಕ್ತವಲ್ಲ.

ಹಾನಿ ಪರಿಹಾರ ಅಥವಾ ವ್ಯಾಜ್ಯಕ್ಕೆ ಸಂಬಂಧಿಸಿದ ಚಿತ್ರಗಳನ್ನು ಮೂಲ ಕಡತದ ರೂಪದಲ್ಲಿಯೇ ಉಳಿಸಿಕೊಳ್ಳತಕ್ಕದ್ದು. ವಾಟ್ಸಾಪ್‌ನಲ್ಲಿ ಸಾಮಾನ್ಯ ಚಿತ್ರವಾಗಿ ಕಳುಹಿಸಿದಾಗ ಗಾತ್ರ ಕುಗ್ಗುವುದಲ್ಲದೆ ತೆಗೆದ ದಿನಾಂಕ, ಸ್ಥಳದ ವಿವರಗಳೂ ಅಳಿಸಿಹೋಗುತ್ತವೆ. ಕಳುಹಿಸಲೇಬೇಕಾದಲ್ಲಿ ಡಾಕ್ಯುಮೆಂಟ್ ಆಗಿ ಕಳುಹಿಸಬೇಕು. ಇಂತಹ ಚಿತ್ರವನ್ನು ನ್ಯಾಯಾಲಯಕ್ಕೆ ವಿದ್ಯುನ್ಮಾನ ದಾಖಲೆಯಾಗಿ ಹಾಜರುಪಡಿಸುವಾಗ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಕಲಂ 63ರನ್ವಯ ಪ್ರಮಾಣಪತ್ರ ಲಗತ್ತಿಸಬೇಕಾಗುತ್ತದೆ.

ಇಪ್ಪತ್ತು ವರ್ಷಗಳ ಹಿಂದೆ ಸ್ಟುಡಿಯೋದವರು ನೀಡಿದ ಮದುವೆಯ ಸಿ.ಡಿ.ಗಳು ಅನೇಕ ಮನೆಗಳಲ್ಲಿವೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಸಿ.ಡಿ. ಹಾಕುವ ಸ್ಥಳವೇ ಇಲ್ಲವಾದ್ದರಿಂದ, ಇವುಗಳನ್ನು ಆದಷ್ಟು ಬೇಗ ಡಿಸ್ಕಿಗೆ ವರ್ಗಾಯಿಸಿಕೊಳ್ಳುವುದು ಸೂಕ್ತ. ಈ ಕೆಲಸವನ್ನಾಗಲಿ, ಅರ್ಜಿಗೆ ಚಿತ್ರ ಸೇರಿಸುವ ಕೆಲಸವನ್ನಾಗಲಿ ಸೈಬರ್ ಕೇಂದ್ರದಲ್ಲಿ ಮಾಡಿಸಿದಾಗ, ಅಲ್ಲಿನ ಗಣಕಯಂತ್ರದಲ್ಲಿ ಉಳಿದ ಪ್ರತಿಗಳನ್ನು ಅಳಿಸಿ, ಖಾತೆಯಿಂದ ಲಾಗ್ ಔಟ್ ಆದುದನ್ನು ಖಚಿತಪಡಿಸಿಕೊಂಡು ಹೊರಡಲು ಕೋರಲಾಗಿದೆ.